ಹಳಿಯ ನೆರಳಿನ ನೀರುದಾರಿ: ಬಕಿಂಗ್‌ಹ್ಯಾಮ್ ಕಾಲುವೆಯ ಕಡತಗಳಲ್ಲಿ

1898ರಲ್ಲಿ ಮದ್ರಾಸಿನಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯ ಇತಿಹಾಸದ ಪುಸ್ತಕವೊಂದು ಅಚ್ಚಾಯಿತು. ಬರೆದವರು ಎ.ಎಸ್. ರಸೆಲ್. ಕಾಲುವೆಯನ್ನು ತೋಡಿದ ಬಗೆ, ಅದರ ಮುಖ್ಯ ಕಟ್ಟಡಗಳು ಇವುಗಳ ಜೊತೆಗೆ ಮುಂದಿನ ದಿನಗಳಲ್ಲಿ ಅದನ್ನು ನಿರ್ವಹಿಸುವುದಕ್ಕೆ ಬೇಕಾದ ಮಾರ್ಗದರ್ಶಿಯೂ ಇದೇ ಎಂದು ಶೀರ್ಷಿಕೆಯಲ್ಲೇ ಸಾರಿದ ಪುಸ್ತಕ ಅದು. ಮರುವರ್ಷ, 1899ರಲ್ಲಿ, ಮದ್ರಾಸಿನಿಂದ ಬೆಜವಾಡಕ್ಕೆ, ಅಂದರೆ ಇಂದಿನ ವಿಜಯವಾಡಕ್ಕೆ, ರೈಲುಹಳಿ ಕೂಡಿತು. ಕಾಲುವೆಯಂತೆಯೇ ಅದೂ ಕರಾವಳಿಯ ಉದ್ದಕ್ಕೆ, ಕಾಲುವೆಯಿಂದ ಹೆಚ್ಚು ದೂರ ಹೋಗದೆ ಸಾಗುವ ಹಳಿ. ಕಾಲುವೆಯ ಮುಂದಿನ ಬಾಳಿಗೆ ದಾರಿ ತೋರುವ ಪುಸ್ತಕಕ್ಕೂ ಆ ಬಾಳನ್ನು ಕಸಿಯತೊಡಗಿದ ಹಳಿಗೂ ಒಂದೇ ವರ್ಷದ ಅಂತರ.

ಈ ಎರಡು ಇಸವಿಗಳು ಅಕ್ಕಪಕ್ಕ ಕೂತದ್ದನ್ನು ಕಂಡ ಮೇಲೆ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕಾಲುವೆಯೊಂದು ‘ಬಳಕೆ ತಪ್ಪಿದ ಕಾಲುವೆ’ ಎನಿಸಿಕೊಳ್ಳುವುದು ಯಾವಾಗಿನಿಂದ? ಕೊನೆಯ ದೋಣಿ ಹೋದ ದಿನದಿಂದಲೋ, ಹೂಳೆತ್ತುವ ಹಣ ನಿಂತ ವರ್ಷದಿಂದಲೋ, ಅದರ ಪಾತ್ರದೊಳಗೆ ಕಾಂಕ್ರೀಟ್ ಕಂಬ ಇಳಿಸಿದ ಗಳಿಗೆಯಿಂದಲೋ? ಉತ್ತರ ಹುಡುಕಲು ಹಳೆಯ ವರದಿಗಳು, ಗೆಜೆಟಿಯರುಗಳು, ಜನಗಣತಿಯ ಅಂಕಿಗಳು, ಸಂಸತ್ತಿನ ಕಾಯಿದೆ, ವಿಜ್ಞಾನ ಪತ್ರಿಕೆಯ ಲೇಖನ ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟುಕೊಂಡು ಓದಿದೆ. ಓದಿದ್ದನ್ನು ನೆಲದ ಮೇಲೆ ನಡೆದು ತಾಳೆ ನೋಡಿದೆ.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದ ಕನ್ನಡಿಗರೆಲ್ಲ ಈ ಕಾಲುವೆಯ ಮೊದಲ ಅಧ್ಯಾಯವನ್ನು ಹಾದೇ ಹೋಗಿದ್ದಾರೆ. ಬೃಂದಾವನವಿರಲಿ, ಲಾಲ್‌ಬಾಗ್ ಇರಲಿ, ಶತಾಬ್ದಿಯಿರಲಿ, ಸೆಂಟ್ರಲ್ ಸೇರುವ ಮುನ್ನ ಬೇಸಿನ್ ಬ್ರಿಡ್ಜ್ ಎಂಬಲ್ಲಿ ನಿಧಾನಿಸುತ್ತದೆ. ಪ್ಲಾಟ್‌ಫಾರ್ಮ್ ಖಾಲಿಯಾಗಲೆಂದು ಎಷ್ಟೋ ಸಲ ಅಲ್ಲೇ ನಿಲ್ಲುವುದೂ ಉಂಟು. ಜನ ಸಾಮಾನು ಇಳಿಸಿಕೊಂಡು ಬಾಗಿಲ ಬಳಿ ಬಂದು ನಿಂತಿರುತ್ತಾರೆ. ಕಿಟಕಿಯಾಚೆ ಕಪ್ಪು ನೀರಿನ ಒಂದು ಪಟ್ಟಿ, ಅದರ ಮೇಲೆ ಅಂತರಗಂಗೆ, ದಂಡೆಯಲ್ಲಿ ಕಸದ ರಾಶಿ. ಈ ನಿಲ್ದಾಣದ ಹೆಸರಿನ ‘ಬೇಸಿನ್’ ಹಿಂದೆ ಇಲ್ಲಿದ್ದ ದೋಣಿಗಳ ತಂಗುಕೊಳ. ಹಳಿ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಇಲ್ಲಿ ಸರಕು ಇಳಿಯುತ್ತಿತ್ತು. ಹತ್ತಿರದ ರಸ್ತೆಯೊಂದಕ್ಕೆ ಇವತ್ತಿಗೂ ಕಾಕ್ರೇನ್ ಬೇಸಿನ್ ರಸ್ತೆ ಎಂದೇ ಹೆಸರು.

ಕಾಕ್ರೇನ್ ಎಂದರೆ ಬ್ಯಾಸಿಲ್ ಕಾಕ್ರೇನ್, ಸ್ಕಾಟ್ಲೆಂಡಿನ ಡಂಡೊನಾಲ್ಡ್ ಪ್ರಭುಮನೆತನದವನು. ಮದ್ರಾಸಿನಲ್ಲಿ ಬ್ರಿಟಿಷ್ ನೌಕಾಪಡೆಗೆ ದಿನಸಿ ಪೂರೈಸುವ ಗುತ್ತಿಗೆ ಹಿಡಿದು ಶ್ರೀಮಂತನಾದ. 1801ರಲ್ಲಿ ಮದ್ರಾಸಿನಿಂದ ಉತ್ತರಕ್ಕೆ ಎಣ್ಣೂರಿನವರೆಗೆ ಉಪ್ಪುನೀರಿನ ಕಾಲುವೆ ತೋಡಲು ಅನುಮತಿ ಪಡೆದ. 1806ರ ಹೊತ್ತಿಗೆ ಹನ್ನೊಂದು ಮೈಲಿಯ ಕಾಲುವೆ ಸಿದ್ಧವಾಗಿತ್ತು. ಆಮೇಲೆ ಅವನು ಇಂಗ್ಲೆಂಡಿಗೆ ಮರಳಿದ. ನೌಕಾಪಡೆಯ ಲೆಕ್ಕಪತ್ರದ ಬಗ್ಗೆ ಕಾಕ್ರೇನ್ ಲಂಡನ್ನಿನ ಅಧಿಕಾರಿಗಳೊಂದಿಗೆ ವರ್ಷಗಟ್ಟಲೆ ಜಗಳವಾಡಿ ಅದನ್ನೆಲ್ಲ ಅಚ್ಚು ಹಾಕಿಸಿದ. ಹೀಗೆ ಅವನ ವ್ಯವಹಾರದ ಬಗ್ಗೆ ಕಾಗದ ರಾಶಿ ರಾಶಿಯಾಗಿ ಉಳಿದಿದೆ. ಕಾಲುವೆಯಲ್ಲಿ ಮಣ್ಣು ಹೊತ್ತವರ ಬಗ್ಗೆ ಒಂದು ಸಾಲು ಹುಡುಕಬೇಕಾದರೂ ಪುಟಗಟ್ಟಲೆ ತಿರುವಬೇಕು.

ಕಾಲುವೆ ಮೊದಲು ಖಾಸಗಿ ವ್ಯಾಪಾರದ ದಾರಿಯಾಗಿತ್ತು. 1837ರಲ್ಲಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಆ ಮೇಲೆ ಅದು ತುಂಡು ತುಂಡಾಗಿ ಬೆಳೆಯಿತು. ಪಳವೇರ್ಕಾಡು ಸರೋವರ, ಅಂದರೆ ಇಂಗ್ಲಿಷರ ಪುಲಿಕಾಟ್, ಅದರ ಆಚೆ ನೆಲ್ಲೂರು ಸೀಮೆ, ಕೊನೆಗೆ ಕೃಷ್ಣಾ ಮುಖಜ ಭೂಮಿಯ ಪೆದ್ದಗಂಜಾಂ. ದಕ್ಷಿಣಕ್ಕೆ ಮರಕ್ಕಾಣಂ. ಒಟ್ಟು ಉದ್ದ ಸುಮಾರು 420 ಕಿಲೊಮೀಟರ್. ಪೆದ್ದಗಂಜಾಂನಲ್ಲಿ ಇದು ಕೊಮ್ಮಮೂರು ಕಾಲುವೆಗೆ ಕೂಡುತ್ತದೆ. ಅಲ್ಲಿಂದ ವಿಜಯವಾಡ, ಏಲೂರು ಕಾಲುವೆ, ಗೋದಾವರಿ ದಾಟಿ ಕಾಕಿನಾಡ. ಬಿರುಗಾಳಿಯ ಬಂಗಾಳಕೊಲ್ಲಿಗೆ ಇಳಿಯದೆಯೇ ಕಾಕಿನಾಡದ ಬತ್ತ ಮದ್ರಾಸಿನ ಅಂಗಡಿ ಸೇರಬಹುದಿತ್ತು. ಎಣ್ಣೂರು ಕಡೆಯ ಅಳಿವೆಗಳ ಉಪ್ಪು, ಶ್ರೀಹರಿಕೋಟಾ ಕಾಡಿನ ಸೌದೆ, ಸುಣ್ಣ ಸುಡುವ ಚಿಪ್ಪು ಎಲ್ಲವೂ ಈ ನೀರಿನ ಮೇಲೆಯೇ ಬಂದವು. ಇಂದು ಬೆಂಗಳೂರಿನಲ್ಲಿ ಸಿದ್ಧವಾದ ಉಪಗ್ರಹಗಳು ನಭಕ್ಕೇರುವ ದ್ವೀಪದಿಂದ ಅಂದು ಮದ್ರಾಸಿನ ಒಲೆಗಳಿಗೆ ಸೌದೆ ಇಳಿಯುತ್ತಿತ್ತು.

ಈ ಕಾಲುವೆ ಕೆಲಸ ಮಾಡುತ್ತಿದ್ದ ರೀತಿಯನ್ನು ತಿಳಿಯದಿದ್ದರೆ ಅದು ಕೆಟ್ಟ ರೀತಿಯೂ ತಿಳಿಯುವುದಿಲ್ಲ. ಕೆ.ಆರ್.ಎಸ್. ನಾಲೆಯಂತೆ ಇದು ಮೇಲಿನಿಂದ ಕೆಳಕ್ಕೆ ಹರಿದು ಗದ್ದೆಗೆ ನೀರುಣಿಸುವ ನಾಲೆಯಲ್ಲ. ಸಮುದ್ರದ ಮಟ್ಟದಲ್ಲೇ ಮಲಗಿರುವ ಉಪ್ಪುನೀರಿನ ದಾರಿ. ಅದಕ್ಕೆ ಉಸಿರು ಬರುವುದು ಭರತ ಇಳಿತಗಳಿಂದ. ಕರಾವಳಿಯ ನದಿಗಳನ್ನೂ ಅಳಿವೆಗಳನ್ನೂ ಅದು ಅಡ್ಡಡ್ಡ ದಾಟಬೇಕು. ನದಿಯಲ್ಲಿ ಪ್ರವಾಹ ಬಂದಾಗ ಹೂಳು ಕಾಲುವೆಗೆ ನುಗ್ಗದಂತೆ, ಇಳಿತದಲ್ಲಿ ಕಾಲುವೆಯ ನೀರು ನದಿಗೆ ಬರಿದಾಗದಂತೆ ದಾಟುವ ಕಡೆಗಳಲ್ಲಿ ಲಾಕ್ ಗೇಟುಗಳನ್ನು ಕಟ್ಟಿದ್ದರು. ಎರಡು ಜೊತೆ ಬಾಗಿಲು, ನಡುವೆ ದೋಣಿ ನಿಲ್ಲುವಷ್ಟು ಕಲ್ಲಿನ ಕಟ್ಟೆ. ಹಿಂದಿನ ಬಾಗಿಲು ಮುಚ್ಚಿ, ಒಳಗಿನ ನೀರು ಮುಂದಿನ ಮಟ್ಟಕ್ಕೆ ಬಂದ ಮೇಲೆ ಮುಂದಿನ ಬಾಗಿಲು ತೆರೆಯುವುದು. ಗಾಳಿ ಅನುಕೂಲವಾದರೆ ಹಾಯಿ, ಇಲ್ಲದಿದ್ದರೆ ಜಲ್ಲೆ, ಅದೂ ಸಾಲದಿದ್ದರೆ ದಂಡೆಯ ಕಾಲುದಾರಿಯಲ್ಲಿ ಹೆಗಲಿಗೆ ಹಗ್ಗ ಹಾಕಿಕೊಂಡು ಮನುಷ್ಯರೇ ದೋಣಿಯನ್ನು ಎಳೆಯುತ್ತಿದ್ದರು.

ಭರತದ ನೀರು ಒಳಗೆ ಬರಬೇಕಾದರೆ ನದಿಗಳ ಬಾಯಿ ತೆರೆದಿರಬೇಕು. ಕೋರಮಂಡಲ ತೀರದ ಅಲೆಗಳು ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ತಳ್ಳುತ್ತಲೇ ಇರುತ್ತವೆ. 1876ರಲ್ಲಿ ಮದ್ರಾಸು ಬಂದರಿನ ಗೋಡೆಗಳು ಸಮುದ್ರಕ್ಕೆ ಚಾಚತೊಡಗಿದ ಮೇಲೆ ಆ ಮರಳು ದಕ್ಷಿಣದ ಮಗ್ಗುಲಲ್ಲಿ ಶೇಖರವಾಯಿತು. ಇಂದಿನ ಮರೀನಾದ ಅಗಲ ಹೆಚ್ಚಿದ್ದು ಹಾಗೆ, ಕೂವಂ ನದಿಯ ಬಾಯಿ ಕಟ್ಟಿಕೊಂಡದ್ದೂ ಹಾಗೆಯೇ. ನಗರದೊಳಗೆ ಕಾಲುವೆಯ ನೀರು ನಿಂತು ಕೊಳೆತದ್ದಕ್ಕೆ ಚರಂಡಿಯ ಹೊಲಸು ಎಷ್ಟು ಕಾರಣವೋ ಉಸಿರುದಾರಿ ಕಟ್ಟಿದ್ದೂ ಅಷ್ಟೇ ಕಾರಣ.

ಬಂದರಿನ ಕೆಲಸ ಶುರುವಾದ ಅದೇ 1876ರಲ್ಲಿ ಮಳೆ ಕೈಕೊಟ್ಟಿತು. ಕನ್ನಡ ನಾಡು ಇಂದಿಗೂ ಧಾತು ಈಶ್ವರ ಬರ ಎಂದು ನೆನೆಯುವ ಬರಗಾಲ ಅದು. ಆ ಎರಡು ಸಂವತ್ಸರಗಳ ಹೆಸರೇ ಬರಕ್ಕೆ ಅಂಟಿಕೊಂಡಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷ. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಎಂಟು ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ‘ಮದ್ರಾಸ್ ಟೈಮ್ಸ್’ ಸಂಪಾದಕರಾಗಿದ್ದ ವಿಲಿಯಂ ಡಿಗ್ಬಿ 1878ರಲ್ಲಿ ಈ ಬರದ ಬಗ್ಗೆ ಎರಡು ಸಂಪುಟ ಬರೆದರು. ಹಡಗಿನಲ್ಲಿ ಬಂದ ಧಾನ್ಯ ಮದ್ರಾಸಿನ ಕಡಲ ದಂಡೆಯಲ್ಲಿ ಗುಡ್ಡೆ ಬಿದ್ದಿತ್ತು, ಒಳನಾಡಿಗೆ ಸಾಗಿಸಲು ಇದ್ದ ರೈಲು ಆ ಹೊರೆಗೆ ಸಾಲುತ್ತಿರಲಿಲ್ಲ. ಮೈಸೂರು ಸೀಮೆಗೆ ಅಕ್ಕಿ ಬರಬೇಕಾದರೆ 1864ರಲ್ಲಿ ಹಾಕಿದ್ದ ಜೋಲಾರಪೇಟೆ–ಬೆಂಗಳೂರು ಹಳಿಯನ್ನೇ ಕಾಯಬೇಕು.

ಕೂವಂ ಮತ್ತು ಅಡ್ಯಾರ್ ನದಿಗಳ ನಡುವೆ, ನಗರದ ಎದೆಯಲ್ಲಿ, ಉತ್ತರದ ಕಾಲುವೆಗೂ ದಕ್ಷಿಣದ ಕಾಲುವೆಗೂ ಕೊಂಡಿಯಾಗುವ ಎಂಟು ಕಿಲೊಮೀಟರ್ ತುಂಡನ್ನು ತೋಡಿದ್ದು ಈ ಬರಗಾಲದಲ್ಲಿ, 1877–78ರಲ್ಲಿ. ಹಳ್ಳಿ ಬಿಟ್ಟು ಮದ್ರಾಸಿಗೆ ಬಂದ ಹಸಿದ ಜನರಿಗೆ ಪರಿಹಾರ ಕಾಮಗಾರಿ. ಆಗ ಗವರ್ನರ್ ಆಗಿದ್ದವರು ಬಕಿಂಗ್‌ಹ್ಯಾಮ್ ಡ್ಯೂಕ್. 1878ರಲ್ಲಿ ಇಡೀ ಕಾಲುವೆಗೆ ಅವರ ಹೆಸರಿಟ್ಟರು.

ಈ ತುಂಡಿನ ಬಗ್ಗೆ ಬರೆಯುವವರೆಲ್ಲ ಎರಡು ಅಂಕಿ ಕೊಡುತ್ತಾರೆ: ಖರ್ಚು 30 ಲಕ್ಷ ರೂಪಾಯಿ, ದುಡಿಮೆ 60 ಲಕ್ಷ ಆಳುದಿನ. ಕಾಗದ, ಪೆನ್ಸಿಲು ಹಿಡಿದು ಕೂತರೆ ಲೆಕ್ಕ ಕೂಡುವುದಿಲ್ಲ. 60 ಲಕ್ಷ ಆಳುದಿನವನ್ನು 8,000 ಮೀಟರಿಗೆ ಹಂಚಿದರೆ ಮೀಟರಿಗೆ 750 ಆಳುದಿನ ಬೀಳುತ್ತದೆ. ಕಾಲುವೆ 30 ಮೀಟರ್ ಅಗಲ, 3 ಮೀಟರ್ ಆಳವಿತ್ತೆಂದು ಧಾರಾಳವಾಗಿ ಹಿಡಿದರೂ ಒಂದು ಮೀಟರ್ ಉದ್ದಕ್ಕೆ ಅಗೆಯಬೇಕಾದ ಮಣ್ಣು 90 ಘನ ಮೀಟರ್. ಒಬ್ಬೊಬ್ಬರು ದಿನವಿಡೀ ಅಗೆದು ಹೊತ್ತದ್ದು ಕೆಲವೇ ಬುಟ್ಟಿ ಮಣ್ಣು ಎಂದಾಯಿತು. ಎಷ್ಟೇ ಬಡಕಲಾದ ಜನರಾದರೂ ಪರಿಹಾರ ಕಾಮಗಾರಿಯ ಮೇಸ್ತ್ರಿಗಳು ಅಷ್ಟಕ್ಕೆ ಕೂಲಿ ಕೊಡುತ್ತಿರಲಿಲ್ಲ. ಹಣದ ಕಡೆಯಿಂದ ನೋಡಿದರೂ ಹಾಗೆಯೇ: ಆಳುದಿನಕ್ಕೆ ಎಂಟಾಣೆ ಬೀಳುತ್ತದೆ. ಆ ಬರಗಾಲದಲ್ಲಿ ಎಂಟಾಣೆ ಕೂಲಿ ಪಡೆದ ಪರಿಹಾರದ ಆಳು ಯಾರೂ ಇರಲಿಲ್ಲ. ಆದ್ದರಿಂದ ಈ ಅಂಕಿಗಳು ನಗರದ ಆ ಎಂಟು ಕಿಲೊಮೀಟರಿಗಷ್ಟೇ ಸೇರಿದವಲ್ಲ, ಬರದ ಕಾಲದಲ್ಲಿ ಕಾಲುವೆಯುದ್ದಕ್ಕೂ ನಡೆದ ಅಗೆತ, ಕಲ್ಲುಕಟ್ಟಡ, ಲಾಕುಗಳೆಲ್ಲ ಸೇರಿದ ದೊಡ್ಡ ಲೆಕ್ಕ ಎಂಬುದು ನನ್ನ ತೀರ್ಮಾನ. ಹಾಗೆಂದು ಇದು ಆ ಜನರ ದುಡಿಮೆಯನ್ನು ಕಿರಿದುಗೊಳಿಸುವುದಿಲ್ಲ. ಹಸಿವಿನ ಬೆವರು ಒಂದು ಊರಿನ ನೆಲದಲ್ಲಷ್ಟೇ ಅಲ್ಲ, ಈ ತೀರದ ಉದ್ದಕ್ಕೂ ಹರಡಿದೆ ಎಂದು ತಿಳಿಸುತ್ತದೆ.

ಅವರಿಗೆ ಸಿಕ್ಕ ಕೂಲಿಯೂ ದಾಖಲಾಗಿದೆ. ಕೇಂದ್ರ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ ಮತ್ತು ಮೇಲೊಂದಿಷ್ಟು ಚಿಲ್ಲರೆ ಸಾಕೆಂದು ನಿಗದಿ ಮಾಡಿದ. ಒಂದು ಪೌಂಡ್ ಎಂದರೆ ಅರ್ಧ ಕಿಲೋಗೂ ಕಡಿಮೆ. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಮಣ್ಣು ಹೊರುವ ದೇಹಕ್ಕೆ ಇದು ಸಾಲದು, ಜನ ಕೃಶರಾಗಿ ಸಾಯುತ್ತಾರೆ ಎಂಬುದು ಅವರ ವಾದ. ಕಡೆಗೆ 1877ರ ನಡುವೆ ಮದ್ರಾಸು ಸರ್ಕಾರ ಕೂಲಿ ಏರಿಸಿತು. ಕಾಲುವೆಯ ತಳವನ್ನು ನೋಡುವಾಗ ನನಗೆ ಗವರ್ನರನ ಬಿರುದಿಗಿಂತ ಆ ಒಂದು ಪೌಂಡಿನ ವಾಗ್ವಾದವೇ ಹೆಚ್ಚು ನೆನಪಾಗುತ್ತದೆ.

ಇಲ್ಲೇ ನಮ್ಮ ಸೀಮೆಯ ಇನ್ನೊಂದು ಕಡತವನ್ನು ಬಿಚ್ಚಬೇಕು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಮಾರ್ಗವೂ ಇದೇ ಬರದ ಕೂಸು. 1877ರಲ್ಲಿ ಬರ ಪರಿಹಾರದ ಕಾಮಗಾರಿಯಾಗಿ ಮಣ್ಣು ಕೆಲಸ ಶುರುವಾಗಿ 1882ರಲ್ಲಿ ಮೀಟರ್ ಗೇಜ್ ಹಳಿ ಮೈಸೂರು ಮುಟ್ಟಿತು. ಒಂದೇ ಬರ, ಒಂದೇ ಬಗೆಯ ಹಸಿದ ಕೈಗಳು. ಒಂದು ಕಡೆ ಹಳಿಯ ಏರಿ ಎದ್ದಿತು, ಇನ್ನೊಂದು ಕಡೆ ಕಾಲುವೆಯ ತಳ ಇಳಿಯಿತು. ಆ ಏರಿಯ ಮೇಲೆ ಇಂದು ಬ್ರಾಡ್‌ಗೇಜ್ ಜೋಡಿಹಳಿ ಓಡುತ್ತಿದೆ. ಆ ತಳದಲ್ಲಿ ಕಂಬಗಳು ನಿಂತಿವೆ.

ಹಳಿಯೋ ಕಾಲುವೆಯೋ ಎಂಬುದು ಆ ಕಾಲದ ದೊಡ್ಡ ಜಗಳವೂ ಆಗಿತ್ತು. ಗೋದಾವರಿಗೆ ದೌಲೇಶ್ವರದಲ್ಲಿ ಅಣೆಕಟ್ಟು ಕಟ್ಟಿಸಿದ ಸರ್ ಆರ್ಥರ್ ಕಾಟನ್, ಹಿಂದೂಸ್ತಾನಕ್ಕೆ ಬೇಕಾದದ್ದು ರೈಲಿಗಿಂತ ಮೊದಲು ದೋಣಿ ಓಡುವ ಕಾಲುವೆಗಳು ಎಂದು ಜೀವಮಾನವಿಡೀ ವಾದಿಸಿದರು. ಧಾನ್ಯ, ಉಪ್ಪು, ಸೌದೆಯಂಥ ಭಾರದ ಅಗ್ಗದ ಸರಕಿಗೆ ನೀರೇ ಸರಿ, ಅದೇ ನೀರು ಹೊಲಕ್ಕೂ ಆಗುತ್ತದೆ ಎಂಬುದು ಅವರ ನಂಬಿಕೆ. ತುಂಗಭದ್ರೆಗೆ ಸುಂಕೇಸುಲದಲ್ಲಿ ಅಡ್ಡಕಟ್ಟೆ ಹಾಕಿ ತೋಡಿದ ಕರ್ನೂಲು–ಕಡಪ ಕಾಲುವೆಯೂ ಇದೇ ಆಸೆಯಲ್ಲಿ, ನೀರಾವರಿ ಮತ್ತು ದೋಣಿ ಎರಡಕ್ಕೂ ಎಂದು ಹುಟ್ಟಿದ್ದು. ಅದನ್ನು ಕಟ್ಟಿದ ಮದ್ರಾಸ್ ಇರಿಗೇಶನ್ ಕಂಪನಿ ಸೋತು 1882ರಲ್ಲಿ ಸರ್ಕಾರವೇ ಅದನ್ನು ಕೊಂಡಿತು. 1878ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಕಾಟನ್ ಅವರ ವಾದ ಆಲಿಸಿತು, ಒಪ್ಪಲಿಲ್ಲ. ಮದ್ರಾಸಿನಲ್ಲಿ ಕಾಲುವೆಗೆ ಡ್ಯೂಕ್ ಹೆಸರಿಟ್ಟದ್ದೂ ಅದೇ ವರ್ಷ. ಕಾಲುವೆ ಪೂರ್ಣಗೊಳ್ಳುತ್ತಿದ್ದಾಗಲೇ ಅದರ ಪರವಾದ ವಾದ ಲಂಡನ್ನಿನಲ್ಲಿ ಬಿದ್ದುಹೋಗಿತ್ತು.

1899ರ ಹಳಿ ಬಂದದ್ದೇ ಕಾಲುವೆ ಸತ್ತಿತೆಂದು ಅವಸರದಲ್ಲಿ ಬರೆಯುವವರಿದ್ದಾರೆ. ದಾಖಲೆ ಹಾಗೆ ಹೇಳುವುದಿಲ್ಲ. ಬೇಗ ತಲುಪಬೇಕಾದ ಸರಕು, ದುಬಾರಿ ಸರಕು, ಪ್ರಯಾಣಿಕರು ಹಳಿಗೆ ಹೋದರು. ತಡವಾದರೂ ನಡೆಯುವ ಉಪ್ಪು, ಸೌದೆ, ಚಿಪ್ಪು ದೋಣಿಯಲ್ಲೇ ಉಳಿದವು. ತಮಿಳಿನ ದೊಡ್ಡ ಕವಿ ಭಾರತಿದಾಸನ್ ಮಾಮಲ್ಲಪುರಕ್ಕೆ ಈ ಕಾಲುವೆಯ ದೋಣಿಯಲ್ಲಿ ಹೋದ ಪ್ರಯಾಣವನ್ನು ಕವಿತೆ ಮಾಡಿದ್ದಾರೆ. ಅಂದರೆ ಹಳಿ ಬಂದು ದಶಕಗಳೇ ಕಳೆದ ಮೇಲೂ ಮದ್ರಾಸಿನಿಂದ ದಕ್ಷಿಣಕ್ಕೆ ನೀರಿನ ಮೇಲೆ ಪ್ರಯಾಣ ಮಾಡುವುದು ಸಹಜ ಸಂಗತಿಯೇ ಆಗಿತ್ತು. ಮೈಲಾಪುರದಲ್ಲಿ ತಣ್ಣಿತ್ತುರೈ ಎಂಬ ತರಕಾರಿ ಮಾರುಕಟ್ಟೆಯಿದೆ. ದೋಣಿಯಿಂದ ಸರಕು ಇಳಿಯುತ್ತಿದ್ದ ಜಾಗ ಅದು. ದೋಣಿ ಹೋಯಿತು, ಸಂತೆ ಉಳಿಯಿತು. 1960ರ ದಶಕದ ಮಧ್ಯದ ಚಂಡಮಾರುತಗಳು, ಆಮೇಲೆ 1976ರ ಚಂಡಮಾರುತ ದಂಡೆಗಳನ್ನು ಹರಿದು ಹೂಳು ತುಂಬಿದವು. ಹಿಂದೆಯಾದರೆ ದುರಸ್ತಿಗೆ ದೋಣಿಯ ಸುಂಕ ಇರುತ್ತಿತ್ತು. ಸುಂಕ ಕೊಡುವ ದೋಣಿಗಳು ಕಡಿಮೆಯಾದ ಕಾಲಕ್ಕೆ ಲಾರಿಯೂ ರಸ್ತೆಯೂ ಬಂದಿದ್ದವು. ಹಳಿ ಕಾಲುವೆಯ ಗಳಿಕೆ ತೆಗೆಯಿತು, ಗಳಿಕೆ ಹೋದದ್ದಕ್ಕೆ ದುರಸ್ತಿ ನಿಂತಿತು, ದುರಸ್ತಿ ನಿಂತದ್ದಕ್ಕೆ ದೋಣಿ ನಿಂತಿತು. ಈ ಮೂರು ಮೆಟ್ಟಿಲು ಇಳಿಯಲು ಮುಕ್ಕಾಲು ಶತಮಾನ ಹಿಡಿಯಿತು.

ನಾಲ್ಕನೆಯ ಮೆಟ್ಟಿಲು ಬೇರೆ ಬಗೆಯದು. 1980ರ ದಶಕದಲ್ಲಿ ನಗರಕ್ಕೆ ಎತ್ತರಿಸಿದ ಸ್ಥಳೀಯ ರೈಲು, ಅಂದರೆ ಎಂಆರ್‌ಟಿಎಸ್, ಬೇಕೆಂದಾಗ ದಾರಿ ಹುಡುಕಿದವರಿಗೆ ಕಂಡದ್ದು ಬರಗಾಲದ ಕಾಲುವೆ. ನಗರದ ನಟ್ಟನಡುವೆ, ಉತ್ತರದಿಂದ ದಕ್ಷಿಣಕ್ಕೆ ನೇರ ಹೋಗುವ ಸರ್ಕಾರಿ ನೆಲ. ಮನೆ ಕೆಡವಬೇಕಿಲ್ಲ, ಪರಿಹಾರ ಕೊಡಬೇಕಿಲ್ಲ. 1995ರಲ್ಲಿ ಬೀಚ್ ನಿಲ್ದಾಣದಿಂದ ಚೇಪಾಕ್‌ವರೆಗೆ, 1997ರಲ್ಲಿ ತಿರುಮಯಿಲೈವರೆಗೆ, 2004ರಲ್ಲಿ ತಿರುವಾನ್ಮಿಯೂರಿಗೆ, 2007ರ ನವೆಂಬರಿನಲ್ಲಿ ವೇಳಚೇರಿಗೆ ಹಳಿ ಮುಟ್ಟಿತು. ಬಹು ದೂರ ಈ ಹಳಿಯ ಕಂಬಗಳು ಕಾಲುವೆಯ ಪಾತ್ರದೊಳಗೇ ನಿಂತಿವೆ.

ಚೇಪಾಕ್‌ನಿಂದ ಅಡ್ಯಾರ್ ಕಡೆಗೆ ಈ ದಾರಿಯನ್ನು ಹಿಡಿದು ನಡೆದರೆ ಕಡತಗಳಲ್ಲಿ ಓದಿದ್ದು ಒಂದೊಂದಾಗಿ ಕಣ್ಣಿಗೆ ಬೀಳುತ್ತದೆ. ಕ್ರಿಕೆಟ್ ಕ್ರೀಡಾಂಗಣದ ಹಿಂಭಾಗದಲ್ಲಿ ಕಾಲುವೆ ಹಳಿಯ ಕೆಳಗೆ ಸೇರಿಕೊಳ್ಳುತ್ತದೆ. ಹತ್ತಿರದ ಬಡವರ ಬಡಾವಣೆಗೆ ಲಾಕ್ ನಗರ ಎಂದು ಹೆಸರು. ತಿರುವಲ್ಲಿಕ್ಕೇಣಿ ದಾಟಿದ ಮೇಲೆ ಅಕ್ಕಪಕ್ಕದ ಮನೆಗಳ ಹಿಂಬಾಗಿಲುಗಳ ನಡುವೆ ನೀರು ಕಾಣುತ್ತದೆ. ತಿರುಮಯಿಲೈ ನಿಲ್ದಾಣದ ಬೃಹತ್ ಕಟ್ಟಡ ಕಾಲುವೆಯ ಮೇಲೆಯೇ ಕೂತಿದೆ. ಅಲ್ಲಿ ಒಂದು ಕಂಬವನ್ನು ಹತ್ತಿರದಿಂದ ನೋಡಿದೆ. ಕಂಬಕ್ಕೆ ತಡೆದು ನಿಂತ ಪ್ಲಾಸ್ಟಿಕ್ಕು, ಬಟ್ಟೆ, ತೆಂಗಿನ ಗರಿ ಸೇರಿ ಒಂದು ಗಟ್ಟಿ ಗುಡ್ಡೆಯಾಗಿದೆ. ಅದರ ಹಿಂದೆ ನೀರಿನ ವೇಗ ಸತ್ತು ಮಣ್ಣು ಕೂರುತ್ತದೆ. ಕೂತ ಮಣ್ಣಿನ ಮೇಲೆ ಜೊಂಡು ಬೇರು ಬಿಟ್ಟಿದೆ. ಜೊಂಡಿನ ಬುಡದಲ್ಲಿ ಇನ್ನಷ್ಟು ಮಣ್ಣು. ಕಂಬ ತಾನು ನಿಂತಷ್ಟೇ ಜಾಗವನ್ನು ತೆಗೆದುಕೊಳ್ಳುವುದಿಲ್ಲ, ಕೆಳಗಿನ ಉದ್ದನೆಯ ದಿಬ್ಬವನ್ನೂ ತನ್ನದಾಗಿಸಿಕೊಳ್ಳುತ್ತದೆ. ಕಂಬದ ಮೈಯಲ್ಲಿ ಮಳೆಗಾಲದ ನೀರು ಏರಿದ ಗುರುತು ಒಂದರ ಮೇಲೊಂದು ಕಪ್ಪು ಗೆರೆಯಾಗಿ ಮೂಡಿದೆ. ಯಾವ ಇಲಾಖೆಯೂ ಬರೆದಿಡದ ಮಟ್ಟಪಟ್ಟಿ ಅದು. ಮೇಲೆ ರೈಲು ಹೋದಾಗ ಕಾಂಕ್ರೀಟು ನಡುಗುವುದು ಅಂಗೈಗೆ ತಿಳಿಯುತ್ತದೆ.

ಅಡ್ಯಾರ್ ನದಿ ದಾಟಿದ ಮೇಲೆ ಕಾಲುವೆ ಮತ್ತೆ ಹೊರಬರುತ್ತದೆ. ಕಸ್ತೂರಬಾ ನಗರ, ಇಂದಿರಾ ನಗರ, ತಿರುವಾನ್ಮಿಯೂರು ನಿಲ್ದಾಣಗಳ ಪಕ್ಕದಲ್ಲೇ ಸಾಗಿ ಐಟಿ ಕಂಪನಿಗಳ ಹಳೆಯ ಮಹಾಬಲಿಪುರ ರಸ್ತೆಗೂ ಈಸ್ಟ್ ಕೋಸ್ಟ್ ರಸ್ತೆಗೂ ನಡುವೆ ದಕ್ಷಿಣಕ್ಕೆ ಹೋಗುತ್ತದೆ. ಪಳ್ಳಿಕ್ಕರಣೈ ಜೌಗು ಪ್ರದೇಶದ ನೀರೆಲ್ಲ ಒಕ್ಕಿಯಂ ಮಡುವು ಎಂಬ ಹಳ್ಳದ ಮೂಲಕ ಬಂದು ಸೇರುವುದು ಈ ಕಾಲುವೆಗೇ. ಅಲ್ಲಿಂದ ಅದು ಕೋವಳಂ ಅಳಿವೆಯತ್ತ ಹೋಗಿ ಸಮುದ್ರ ಸೇರಬೇಕು. ಅಂದರೆ ದಕ್ಷಿಣ ಚೆನ್ನೈನ ದೊಡ್ಡ ಭಾಗದ ಮಳೆನೀರಿಗೆ ಹೊರದಾರಿ ಇದೊಂದೇ. 2015ರ ಡಿಸೆಂಬರಿನ ಮಹಾಮಳೆಯಲ್ಲಿ ಆ ಭಾಗ ದಿನಗಟ್ಟಲೆ ನೀರಿನಲ್ಲಿ ನಿಂತಿತ್ತು. ಹೊರದಾರಿಯ ಅಗಲ ಮತ್ತು ಆಳ ಎಷ್ಟು ಉಳಿದಿವೆ ಎಂಬುದು ಅಲ್ಲಿ ಬಾಡಿಗೆಗಿರುವ ಸಾವಿರಾರು ಮನೆಗಳ, ಅವುಗಳಲ್ಲಿ ಕನ್ನಡಿಗರ ಮನೆಗಳೂ ಸೇರಿದಂತೆ, ದಿನನಿತ್ಯದ ಪ್ರಶ್ನೆ.

ಹುಡುಕಾಟದಲ್ಲಿ ನನಗೆ ಸಿಕ್ಕ ಅತಿ ಬೆಲೆಬಾಳುವ ದಾಖಲೆ ಸಿಕ್ಕಿದ್ದು ಹಳೆಯ ಪತ್ರಾಗಾರದಲ್ಲಲ್ಲ, ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಆಂಧ್ರದ ತೀರದಲ್ಲಿ ಬಕಿಂಗ್‌ಹ್ಯಾಮ್ ಕಾಲುವೆ ಜನರನ್ನು ಉಳಿಸಿತೆಂದು 2005ರಲ್ಲಿ ಅದರಲ್ಲಿ ಅಚ್ಚಾದ ಬರಹ ವಿವರಿಸುತ್ತದೆ. ತೀರ ಏರಿ ಬಂದ ಸಮುದ್ರದ ನೀರು ಕಾಲುವೆಗೆ ಬಿದ್ದು ಅದರುದ್ದಕ್ಕೂ ಹರಡಿತು. ಕಾಲುವೆ ತುಂಬಿ ತುಳುಕುವಷ್ಟಾಯಿತು. ಹತ್ತು ಹದಿನೈದು ನಿಮಿಷದಲ್ಲಿ ನೀರು ಮತ್ತೆ ಸಮುದ್ರಕ್ಕೆ ಇಳಿಯಿತು. ಪೆದ್ದಗಂಜಾಂನಿಂದ ಚೆನ್ನೈವರೆಗೆ ಸುಮಾರು 310 ಕಿಲೊಮೀಟರ್ ಉದ್ದಕ್ಕೆ, ಅಲೆಗೂ ಹಳ್ಳಿಗಳಿಗೂ ನಡುವೆ, ಹಿಡಿದಿಡುವ ಒಂದು ತೊಟ್ಟಿ ಇದ್ದಂತಾಯಿತು. ದೋಣಿ ನಿಂತು ದಶಕಗಳಾಗಿದ್ದ ಕಾಲುವೆ ಆ ಒಂದು ಬೆಳಗಿನಲ್ಲಿ ಯಾವ ಎಂಜಿನಿಯರನೂ ಯೋಜಿಸದ ಕೆಲಸವನ್ನು ಮಾಡಿತು. 1877ರಲ್ಲಿ ಒಂದು ಪೌಂಡ್ ಧಾನ್ಯಕ್ಕೆ ಮಣ್ಣು ಹೊತ್ತವರಿಗೂ 2004ರಲ್ಲಿ ಬದುಕಿ ಉಳಿದ ಮೀನುಗಾರರಿಗೂ ನಡುವಿನ ಈ ನಂಟು ನನ್ನನ್ನು ಗಾಢವಾಗಿ ತಟ್ಟಿದೆ.

ಸಂಸತ್ತು 2008ರ ನವೆಂಬರಿನಲ್ಲಿ ಕಾಕಿನಾಡ–ಪುದುಚೇರಿ ಕಾಲುವೆಗಳನ್ನೂ ಗೋದಾವರಿ, ಕೃಷ್ಣಾ ನದಿಗಳ ಭಾಗಗಳನ್ನೂ ಸೇರಿಸಿ ನಾಲ್ಕನೆಯ ರಾಷ್ಟ್ರೀಯ ಜಲಮಾರ್ಗ ಎಂದು ಘೋಷಿಸಿತು. ಒಟ್ಟು 1,078 ಕಿಲೊಮೀಟರ್, ಅದರಲ್ಲಿ ಉತ್ತರ ಬಕಿಂಗ್‌ಹ್ಯಾಮ್ ಕಾಲುವೆಯ ಪಾಲು 316, ದಕ್ಷಿಣದ್ದು 110. ವೇಳಚೇರಿಗೆ ಎತ್ತರದ ಹಳಿ ಮುಟ್ಟಿ ಆಗಿನ್ನೂ ಒಂದೇ ವರ್ಷ. ಕಾಯಿದೆಯ ಪುಟದಲ್ಲಿ ದೋಣಿ ಕಾಕಿನಾಡದಿಂದ ಪುದುಚೇರಿಗೆ ಹೋಗುತ್ತದೆ. ನೆಲದ ಮೇಲೆ ನಗರದ ನಡುವಿನ ಕಂಬಗಳ ಸಾಲಿಗೆ ಬಂದು ನಿಲ್ಲುತ್ತದೆ. ಒಂದು ಸರ್ಕಾರಿ ಕಾಗದಕ್ಕೆ ಕಾಲುವೆ ಜಲಮಾರ್ಗ, ಇನ್ನೊಂದಕ್ಕೆ ಖಾಲಿ ಜಾಗ, ಮತ್ತೊಂದಕ್ಕೆ ಚರಂಡಿ. ಮೂರೂ ಕಡತಗಳು ಒಂದೇ ಮೇಜಿನ ಮೇಲೆ ಕೂಡಿ ಬರದಿದ್ದುದೇ ಈ ಕಾಲುವೆಯ ದುರ್ಗತಿಗೆ ಮೂಲ.

ಆದ್ದರಿಂದ ಮೊದಲ ಪ್ರಶ್ನೆಗೆ ನನಗೆ ದೊರೆತ ಉತ್ತರ ಇದು. ಬಕಿಂಗ್‌ಹ್ಯಾಮ್ ಕಾಲುವೆಯಲ್ಲಿ ನಿಂತದ್ದು ದೋಣಿ ಮಾತ್ರ. ನೀರು ಅದರ ಬಳಕೆಯನ್ನು ಒಂದು ದಿನವೂ ನಿಲ್ಲಿಸಿಲ್ಲ. ಮಳೆ, ಭರತ, ಪ್ರವಾಹ, ಸುನಾಮಿ ಎಲ್ಲಕ್ಕೂ ಅದು ದಾರಿ ಕೊಟ್ಟೇ ಬಂದಿದೆ. ದೋಣಿಯ ಸುಂಕವೊಂದನ್ನೇ ಗಳಿಕೆಯೆಂದು ಬರೆದುಕೊಂಡ ಲೆಕ್ಕಪುಸ್ತಕ ಈ ಸೇವೆಯನ್ನು ಸೊನ್ನೆ ಎಂದು ದಾಖಲಿಸಿತು, ಸೊನ್ನೆ ಎಂದು ದಾಖಲಾದ ನೆಲವನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದೆಂದಾಯಿತು.

ಬೆಂಗಳೂರಿನ ರಾಜಕಾಲುವೆಗಳಿಗೂ ಇದೇ ತರ್ಕ ಅಂಟಿದೆ. ಕೆರೆಗೆ ನೀರುಣಿಸುವ ಕೆಲಸ ಮುಗಿಯಿತೆಂದು ಬಗೆದು ಅವುಗಳ ಮೇಲೆ ರಸ್ತೆ, ಬಡಾವಣೆ, ಮಾಲ್ ಎದ್ದಿವೆ; ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ನಕ್ಷೆಯನ್ನೇ ಹಿಡಿದು ಬರುತ್ತದೆ. ಚೆನ್ನೈನ ಕಂಬಗಳನ್ನು ಈಗ ಕೀಳಲಾಗದು, ಆ ರೈಲನ್ನು ನಂಬಿ ನಿತ್ಯ ಕೆಲಸಕ್ಕೆ ಹೋಗುವ ಜನರಿದ್ದಾರೆ. ಆದರೆ ಪ್ರತಿ ಕಂಬದ ಹಿಂದಿನ ದಿಬ್ಬವನ್ನು ಮಳೆಗಾಲಕ್ಕೆ ಮುನ್ನ ತೆಗೆಯಬಹುದು, ಕಂಬಗಳ ನಡುವೆ ನೀರಿಗೆ ಉಳಿದ ಅಗಲವನ್ನು ವರ್ಷಕ್ಕೊಮ್ಮೆ ಅಳೆದು ಪ್ರಕಟಿಸಬಹುದು, ಅಳಿವೆಗಳ ಬಾಯಿ ತೆರೆದಿಡಬಹುದು. ಚೆನ್ನೈ ಇರಲಿ, ಬೆಂಗಳೂರಿರಲಿ, ಮುಂದೆ ಯಾವುದೇ ಹಳಿಯ, ರಸ್ತೆಯ ಯೋಜನೆ ಕಾಲುವೆಯ ದಂಡೆಗೆ ಬಂದರೆ ಅದರ ಕಡತದ ಮೊದಲ ಹಾಳೆಯಲ್ಲಿ, ಈ ನೆಲದಲ್ಲಿ ಎಷ್ಟು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಅಂಕಿ ಇರಲೇಬೇಕು. ಆ ಅಂಕಿ ಬರೆಯದವರಿಗೆ ಅಲ್ಲಿ ಒಂದು ಗುಂಡಿ ತೋಡುವುದಕ್ಕೂ ಅನುಮತಿ ಸಿಗಬಾರದು.